ಇಂಟರ್‌ವಲ್ ಮಾತು: ನಾಯಿ ನೋಡೋದು ಹೀರೋನ ಅಲ್ಲ, ಬಿಸ್ಕತ್ತನ್ನ!

ಈ ವಾರದ ಟಪಾಲಿನಲ್ಲಿ ನಟಿಯರ ಮನೆ ವಿಳಾಸ ಕೇಳಿದವರು ಎಂದಿನಂತೆ ಬೇಕಾದಷ್ಟು ಜನ. ಅವರಿಗೆ ಎಂದಿನ ಉತ್ತರವೇ: ಗೊತ್ತಿಲ್ಲ, ಗೊತ್ತಿದ್ದರೂ ಹೇಳೋಲ್ಲ! ಆದರೆ ಬಸವೇಶ್ವರನಗರದಿಂದ ಬಂದ ಒಂದು ಕಾಗದವನ್ನು ಮಾತ್ರ ಪಕ್ಕಕ್ಕೆ ಎತ್ತಿಟ್ಟೆ. ಬರೆದ ತಮ್ಮನ ಹೆಸರು ಬೇಡ. ಅವನ ಮನೆ ಓನರ್ ಕೈಗೂ ಈ ಪತ್ರಿಕೆ ಸಿಕ್ಕೀತು!

‘ಅಣ್ಣಾ, ಚಾರ್ಲಿ ಸಿನಿಮಾ ನೋಡಿ ಕರ್ಚೀಫು ಒದ್ದೆ ಮಾಡಿಕೊಂಡು ಬಂದವನು ನಾನು. ಅಂಥ ದೊಡ್ಡ ನಾಯಿ ಸಾಕೋಕೆ ನಮ್ಮ ಮನೇಲಿ ಜಾಗ ಇಲ್ಲ. ಮೂವತ್ತು-ನಲವತ್ತರ ಸೈಟಲ್ಲಿ ಓನರ್ ಕೆಳಗೆ, ನಾವು ಮೇಲೆ. ಅದಕ್ಕೇ ಚಿಕ್ಕದೊಂದು ಪಮೇರಿಯನ್ ತಂದೆ. ಈಗ ಅದಕ್ಕೆ ಒಂದು ವರ್ಷ. ಗೇಟು ಕಿರ್ ಅಂದರೆ ಸಾಕು, ಬೀದಿ ಕೊನೆ ತನಕ ಕೇಳೋ ಹಾಗೆ ಬೊಗಳುತ್ತೆ. ಕಾಲೊರಸಿನ ಮೇಲೆ ಉಚ್ಚೆ. ಸೋಫಾದಿಂದ ಇಳಿಸೋಕೆ ಹೋದ ನಮ್ಮ ತಂದೆಯವರಿಗೆ ಹಲ್ಲು ತೋರಿಸ್ತು. ತಿಂಗಳ ಕೊನೆಯೊಳಗೆ ನಾಯಿ ಹೋಗಬೇಕು, ಇಲ್ಲ ನೀವು ಹೋಗಬೇಕು ಅಂತ ಓನರ್ ಹೇಳಿಬಿಟ್ಟಿದ್ದಾರೆ. ಮಾಗಡಿ ರಸ್ತೇಲಿ ತಾವರೆಕೆರೆ ದಾಟಿಸಿ ಬಿಟ್ಟು ಬಾ ಅಂತಾರೆ ಅಪ್ಪ. ನನಗೆ ಮನಸ್ಸು ಬರ್ತಿಲ್ಲ. ಪರದೆ ಮೇಲಿನ ನಾಯಿ ಹಾಗೆ, ನಮ್ಮ ಮನೆಯದು ಹೀಗೆ, ಯಾಕಣ್ಣಾ?’

ಮೊದಲು ಆ ಕೊನೆಯ ಪ್ರಶ್ನೆ ತಗೊಳ್ಳೋಣ. ಅದು ನಮ್ಮ ಇಲಾಖೆ.

ಪರದೆ ಮೇಲೆ ನಾಯಿ ಹೀರೋನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೆ. ಹಿನ್ನೆಲೆಯಲ್ಲಿ ಪಿಟೀಲು ಕುಯ್ಯೋ ಅನ್ನುತ್ತೆ. ಬಾಲ್ಕನಿಯಿಂದ ಗಾಂಧಿಕ್ಲಾಸ್ ತನಕ ಎಲ್ಲರ ಮೂಗೂ ಸೊರಸೊರ! ಶೂಟಿಂಗ್ ನಡೆಯೋ ಜಾಗದಲ್ಲಿ ನಿಂತು ನೋಡಿದರೆ ಚಿತ್ರವೇ ಬೇರೆ. ಕ್ಯಾಮೆರಾ ಪಕ್ಕದಲ್ಲಿ, ಫ್ರೇಮಿಗೆ ಬೀಳದ ಹಾಗೆ, ತರಬೇತುದಾರ ಕುಕ್ಕರಗಾಲಲ್ಲಿ ಕೂತಿರ್ತಾನೆ. ಅವನ ಬೆರಳ ಸಂದಿಯಲ್ಲಿ ಬೇಯಿಸಿದ ಕೋಳಿಯ ಒಂದು ಚೂರು. ನಾಯಿಯ ಪ್ರೀತಿ, ವಿರಹ, ಸ್ವಾಮಿಭಕ್ತಿ ಎಲ್ಲಾ ಆ ಚೂರಿನ ಮೇಲೆ. ಹೀರೋ ಪಾಪ, ನಡುವೆ ಸಿಕ್ಕಿಕೊಂಡವನು!

2022ರ ಜೂನ್ 10ರಂದು ತೆರೆಗೆ ಬಂದ ‘777 ಚಾರ್ಲಿ’ಯನ್ನೇ ತಗೊಳ್ಳಿ. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶನ, ರಕ್ಷಿತ್ ಶೆಟ್ಟಿ ನಾಯಕ, ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ. ಇದೆಲ್ಲ ನಿಮಗೆ ಬಾಯಿಪಾಠ. ನಾಯಿಗೆ ಪಾಠ ಹೇಳಿದ ಪ್ರಮೋದ್ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಪರದೆ ಮೇಲೆ ತುಂಟತನ ಮಾಡಬೇಕಾದರೂ ನಾಯಿ ಪಾಠ ಕಲಿತಿರಬೇಕು ಸ್ವಾಮೀ. ಸೋಫಾ ಹರಿ ಅಂದಾಗ ಹರಿಯಬೇಕು, ಸಾಕು ಅಂದಾಗ ಬಿಡಬೇಕು. ನಿಮ್ಮ ಮನೆಯದು ಮೊದಲರ್ಧ ಮಾತ್ರ ಕಲಿತಿದೆ, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ನಾಯಿ ಹೀರೋ ಆದದ್ದು ಚಾರ್ಲಿಯಿಂದಲ್ಲ. ಕಮಲಾನಗರದ ಶಂಕರನಾಗ್ ಬಸ್ ಸ್ಟಾಪಿನಲ್ಲಿ ಇಳಿದು ಮನೆಗೆ ಹೋಗುವ ಬಸವೇಶ್ವರನಗರದ ಹುಡುಗರಿಗೆ ಇದು ಗೊತ್ತಿರಲಿ. 1984ರಲ್ಲಿ ಶಂಕರನಾಗ್ ನಟಿಸಿದ ‘ತಾಳಿಯ ಭಾಗ್ಯ’ ಅಂತ ಒಂದು ಚಿತ್ರ ಬಂದಿತ್ತು. ನಿರ್ದೇಶಕರು ‘ಗಂಧದ ಗುಡಿ’ಯ ವಿಜಯ್. ಅದೇ ಕಥೆ ಮರುವರ್ಷ ಹಿಂದಿಗೆ ಹೋಗಿ, ಜಾಕಿ ಶ್ರಾಫ್ ಅವರ ‘ತೇರಿ ಮೆಹರ್ಬಾನಿಯಾ’ ಆಯಿತು. ಯಜಮಾನನನ್ನು ಕೊಂದವರ ಮೇಲೆ ನಾಯಿ ಸೇಡು ತೀರಿಸಿಕೊಳ್ಳುವ ಕಥೆ. ಕನ್ನಡದ ನಾಯಿ ಕಥೆ ಬೊಂಬಾಯಿಗೆ ಹೋಗಿ ದುಡ್ಡು ಮಾಡಿತು ಅನ್ನೋದು ನಮಗೆ ಹೆಮ್ಮೆ. ಆದರೆ ಇಂಥ ಚಿತ್ರ ನೋಡಿ ನಾಯಿ ತಂದವರು, ಮನೆಗೆ ಬಂದ ದಿನವೇ ಅದು ಸೇಡು, ತ್ಯಾಗ, ಮಾನ, ಮರ್ಯಾದೆ ಎಲ್ಲಾ ಬಲ್ಲದು ಅಂದುಕೊಳ್ಳೋದೇ ಎಡವಟ್ಟಿಗೆ ಮೂಲ.

ಚಿಕ್ಕ ನಾಯಿಗಳ ಹುಚ್ಚಿಗೂ ಸಿನಿಮಾ, ಜಾಹೀರಾತುಗಳೇ ಗಾಳಿ ಹಾಕಿದ್ದು. 1994ರ ‘ಹಮ್ ಆಪ್ಕೆ ಹೈ ಕೌನ್’ನಲ್ಲಿ ಕ್ರಿಕೆಟ್ ಅಂಪೈರ್ ಆಗಿದ್ದ ಬಿಳೀ ಟಫಿಯನ್ನು ಯಾರು ಮರೀತಾರೆ? ನಾವು ಪಮೇರಿಯನ್ ಅಂತ ಕರೆಯೋ ಜಾತಿಯೇ ಅದು, ಬಲ್ಲವರು ಇಂಡಿಯನ್ ಸ್ಪಿಟ್ಜ್ ಅಂತಾರೆ. 2003ರಲ್ಲಿ ಹಚ್ ಫೋನಿನ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಪಗ್ ಓಡಿ ಬಂದದ್ದೇ ಬಂದದ್ದು, ಆಮೇಲೆ ಬೀದಿಗೊಂದು ಪಗ್. ಪರದೆ ಮೇಲೆ ಮೂವತ್ತು ಸೆಕೆಂಡು, ಮನೆಯಲ್ಲಿ ಹನ್ನೆರಡು ಹದಿಮೂರು ವರ್ಷ. ಈ ಲೆಕ್ಕ ಯಾರೂ ಹಾಕೋದಿಲ್ಲ.

ಈಗ ತಮ್ಮಾ, ನಿನಗೆ ಇಬ್ಬರು ಸೂಪರ್‌ಸ್ಟಾರ್‌ಗಳ ಕಥೆ ಹೇಳ್ತೀನಿ. ತಾವರೆಕೆರೆ ಬಸ್ಸು ಹತ್ತುವ ಮೊದಲು ಓದು.

ಹಾಲಿವುಡ್ಡಿನಲ್ಲಿ 1939ರಲ್ಲಿ ‘ದಿ ವಿಝರ್ಡ್ ಆಫ್ ಓಝ್’ ಬಂತು. ಅದರಲ್ಲಿ ಹುಡುಗಿಯ ಬುಟ್ಟಿಯೊಳಗೆ ಕೂತು ಹೋಗುವ ಟೋಟೋ ಅನ್ನುವ ಪುಟ್ಟ ಕಪ್ಪು ನಾಯಿಯ ನಿಜನಾಮ ಟೆರ್ರಿ. ಹೆಣ್ಣು. ಅದು ಸಿನಿಮಾಕ್ಕೆ ಬಂದದ್ದು ಹೇಗೆ ಗೊತ್ತೆ? ಮನೆಯ ರತ್ನಗಂಬಳಿ ಮೇಲೆಲ್ಲ ಉಚ್ಚೆ ಹೊಯ್ಯುತ್ತಿತ್ತು! ಬುದ್ಧಿ ಕಲಿಸಿ ಅಂತ ಮನೆಯವರು ಕಾರ್ಲ್ ಸ್ಪಿಟ್ಜ್ ಅನ್ನುವ ತರಬೇತುದಾರನ ಹತ್ತಿರ ಬಿಟ್ಟರು. ಆತ ಕೆಲವೇ ವಾರಗಳಲ್ಲಿ ಆ ಚಾಳಿ ಬಿಡಿಸಿದ. ಆದರೆ ಮನೆಯವರು ಫೀಸು ಕೊಡಲೂ ಬರಲಿಲ್ಲ, ನಾಯಿಯನ್ನು ಕರೆದೊಯ್ಯಲೂ ಬರಲಿಲ್ಲ. ಅದೇ ನಾಯಿ ಮುಂದೆ ವಾರಕ್ಕೆ 125 ಡಾಲರ್ ಸಂಬಳ ತಗೊಂಡಿತು. ಅದೇ ಚಿತ್ರದಲ್ಲಿ ಕುಬ್ಜರ ಪಾತ್ರ ಮಾಡಿದ ಮನುಷ್ಯರಿಗೂ ಅಷ್ಟು ಸಿಗಲಿಲ್ಲ!

ಇನ್ನೊಬ್ಬರು ಲ್ಯಾಸಿ. 1943ರ ‘ಲ್ಯಾಸಿ ಕಮ್ ಹೋಮ್’. ಪಾತ್ರ ಹೆಣ್ಣು ನಾಯಿಯದು, ಮಾಡಿದ್ದು ಪಾಲ್ ಎಂಬ ಗಂಡು. ನಮ್ಮ ಕಂಪನಿ ನಾಟಕದ ಸ್ತ್ರೀಪಾತ್ರಧಾರಿಗಳ ಹಾಗೆ! ಈ ಪಾಲ್ ಮಹಾಶಯ ಒಂದೇ ಸಮ ಬೊಗಳುತ್ತಿದ್ದ, ಮೋಟರ್‌ಸೈಕಲ್ ಕಂಡರೆ ಅಟ್ಟಿಸಿಕೊಂಡು ಹೋಗುತ್ತಿದ್ದ. ರಡ್ ವೆದರ್‌ವ್ಯಾಕ್ಸ್ ಎಂಬ ತರಬೇತುದಾರ ಬೊಗಳೋದನ್ನು ಬಿಡಿಸಿದ, ಮೋಟರ್‌ಸೈಕಲ್ ಚಟ ಬಿಡಿಸೋಕೆ ಆಗಲಿಲ್ಲ. ಮನೆಯವರಿಗೆ ಅಷ್ಟರಲ್ಲಿ ನಾಯಿಯೇ ಬೇಡವಾಗಿತ್ತು. ಕೊಡಬೇಕಾಗಿದ್ದ ಫೀಸಿಗೆ ಬದಲು ನಾಯಿಯನ್ನೇ ಇಟ್ಟುಕೊ ಅಂದರು.

ನೋಡಿದೆಯಾ? ಒಂದು ಉಚ್ಚೆಯ ಕೇಸು, ಇನ್ನೊಂದು ಬೊಗಳೋ ಕೇಸು. ನಿನ್ನ ಕಾಗದದಲ್ಲಿ ಇರೋ ದೂರುಗಳೇ! ಎರಡನ್ನೂ ಮನೆಯವರು ಕೈಬಿಟ್ಟರು. ನಾಯಿ ಬದಲಾಗಲಿಲ್ಲ ತಮ್ಮಾ, ಮೇಷ್ಟ್ರು ಬದಲಾದರು.

ನಿನ್ನ ನಾಯಿ ಬೊಗಳೋದು ಯಾಕೆ ಅಂತ ಅದರ ಕಡೆಯಿಂದ ನೋಡು. ಬೆಳಿಗ್ಗೆ ಪೇಪರ್ ಹುಡುಗ ಬರ್ತಾನೆ. ನಾಯಿ ಬೊಗಳುತ್ತೆ. ಅವನು ಹೋಗ್ತಾನೆ. ಅವನು ಹೋದದ್ದು ಪಕ್ಕದ ಮನೆಗೆ ಪೇಪರ್ ಹಾಕೋಕೆ. ನಾಯಿಯ ಲೆಕ್ಕದಲ್ಲಿ ಮಾತ್ರ: ನಾನು ಗರ್ಜಿಸಿದೆ, ವಿಲನ್ ಓಡಿದ! ಆಮೇಲೆ ಹಾಲಿನವನು, ಸೊಪ್ಪಿನವಳು, ಸಿಲಿಂಡರ್‌ನವನು. ದಿನಕ್ಕೆ ಹತ್ತು ಸಲ ಕ್ಲೈಮ್ಯಾಕ್ಸ್ ಗೆದ್ದ ಹೀರೋಗೆ ‘ಫೈಟು ಬಿಡು’ ಅಂದರೆ ಬಿಡ್ತಾನಾ? ಇನ್ನು ನೀನು ಒಳಗಿನಿಂದ ‘ಏಯ್, ಸುಮ್ನಿರೋ!’ ಅಂತ ಕಿರುಚಿದರೆ ಅದಕ್ಕೆ ಅನ್ನಿಸೋದು, ಯಜಮಾನರೂ ಬೊಗಳ್ತಾ ಇದ್ದಾರೆ, ನಾನು ಇನ್ನೂ ಜೋರು ಮಾಡಬೇಕು ಅಂತ.

ಆದ್ದರಿಂದ ಮೊದಲು ಥಿಯೇಟರ್ ಬಾಗಿಲು ಹಾಕು. ಬಾಲ್ಕನಿ ಗ್ರಿಲ್ಲಿನ ಕೆಳಭಾಗಕ್ಕೆ, ನಾಯಿಯ ಕಣ್ಣಿನ ಎತ್ತರಕ್ಕೆ, ಒಂದು ರಟ್ಟೋ ಗೋಣಿತಾಟೋ ಕಟ್ಟು. ಬೀದಿ ಕಾಣದಿದ್ದರೆ ಅರ್ಧ ಸಿನಿಮಾ ಅಲ್ಲೇ ನಿಲ್ಲುತ್ತೆ. ಆಮೇಲೆ ರಿಹರ್ಸಲ್. ಒಬ್ಬ ಗೆಳೆಯನನ್ನು ಎಕ್ಸ್‌ಟ್ರಾ ನಟನನ್ನಾಗಿ ಗೇಟಿನ ಹತ್ತಿರ ನಿಲ್ಲಿಸು. ಅವನು ಗೇಟನ್ನು ಮೆತ್ತಗೆ, ಕೇಳಿಯೂ ಕೇಳದ ಹಾಗೆ ಅಲ್ಲಾಡಿಸಲಿ. ನಾಯಿ ಕಿವಿ ನೆಟ್ಟಗೆ ಮಾಡಿದ ತಕ್ಷಣ, ಬಾಯಿ ತೆರೆಯೋ ಮುಂಚೆ, ಅದರ ಚಾಪೆ ಮೇಲೆ ಒಂದು ಚೂರು ತಿಂಡಿ ಹಾಕು. ಮತ್ತೆ ಗೇಟು, ಮತ್ತೆ ತಿಂಡಿ. ಹತ್ತು ಹದಿನೈದು ಟೇಕ್ ಆದ ಮೇಲೆ ಪ್ಯಾಕಪ್. ಮಾರನೇ ದಿನ ಸದ್ದು ಸ್ವಲ್ಪ ಜೋರು. ದಿನಗಳು ಕಳೆದ ಹಾಗೆ ಗೇಟಿನ ಸದ್ದಿಗೆ ನಾಯಿ ಬೀದಿ ಕಡೆ ಓಡೋದು ಬಿಟ್ಟು ಚಾಪೆ ಕಡೆ ಓಡೋಕೆ ಶುರು ಮಾಡುತ್ತೆ. ಬೊಗಳಿಬಿಟ್ಟರೆ ಆ ಟೇಕ್ ಕ್ಯಾನ್ಸಲ್. ಬೈಬೇಡ, ಹೊಡೀಬೇಡ, ಮುಂದಿನ ಸದ್ದನ್ನು ಇನ್ನೂ ಮೆತ್ತಗೆ ಮಾಡು.

ಇಲ್ಲಿ ಗಳಿಗೆ ಮುಖ್ಯ. ತಿಂಡಿ ಒಂದೆರಡು ಸೆಕೆಂಡಿನೊಳಗೆ ಬೀಳಬೇಕು. ನೀನು ಅಡುಗೆಮನೆಗೆ ಹೋಗಿ ಡಬ್ಬ ತೆಗೆದು ತರೋಷ್ಟರಲ್ಲಿ ನಾಯಿ ಇನ್ನೇನೋ ಮಾಡಿರುತ್ತೆ. ಬಹುಮಾನ ಅದಕ್ಕೆ ಸಿಗುತ್ತೆ! ಅದಕ್ಕೇ ಜೇಬಲ್ಲೇ ಇರಲಿ. ಬೇಯಿಸಿದ ಕೋಳಿ, ಮೊಟ್ಟೆ, ಬೆಂದ ಕ್ಯಾರೆಟ್, ಕಡಲೆಕಾಳಿನ ಗಾತ್ರದಲ್ಲಿ. ಗ್ಲುಕೋಸ್ ಬಿಸ್ಕತ್ತೇ ಗತಿ ಅಂದರೆ ಒಂದನ್ನು ಹತ್ತು ಚೂರು ಮಾಡು. ಐದು ಕಿಲೋ ನಾಯಿಗೆ ಇಡೀ ಬಿಸ್ಕತ್ತು ಅಂದರೆ ನಿನಗೆ ಒಂದು ಡಜನ್ ತಿನ್ನಿಸಿದ ಹಾಗೆ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಇವು ನಾಯಿಗೆ ವಿಷ, ತೋರಿಸಲೂ ಬೇಡ.

ಇನ್ನೊಂದು ಮಾತು. ನಮ್ಮ ಬೆಂಗಳೂರಿನ ಮನೆಗಳಲ್ಲಿ ಅಪ್ಪ, ಅಮ್ಮ, ಅಜ್ಜಿ ಎಲ್ಲಾ ಕನ್ನಡ, ನಾಯಿಗೆ ಮಾತ್ರ ಇಂಗ್ಲಿಷ್! ಯಾಕ್ರೀ? ಅದೇನು ಲಂಡನ್ನಿಂದ ಇಳಿದು ಬಂತೆ? ಮಗ ‘ಸಿಟ್’ ಅಂತಾನೆ, ಅಪ್ಪ ‘ಕೂತ್ಕೊಳೋ’ ಅಂತಾರೆ, ಅಮ್ಮ ‘ಕೂತ್ಕೋ ನನ್ ಬಂಗಾರ, ಕೂತ್ಕೊಂಡ್ರೆ ಊಟ ಕೊಡ್ತೀನಿ’ ಅಂತ ಸಂಭಾಷಣೆಯನ್ನೇ ಒಪ್ಪಿಸ್ತಾರೆ. ನಾಯಿ ಯಾರ ಡೈಲಾಗ್ ಕೇಳಬೇಕು? ‘ಕೂತ್ಕೋ’, ‘ಬಾ’, ‘ಬಿಡು’, ‘ಇಳಿ’. ಈ ನಾಲ್ಕು ಕನ್ನಡ ಮಾತು ಸಾಕು, ಮನೆಮಂದಿಯೆಲ್ಲ ಅದನ್ನೇ ಹೇಳಬೇಕು, ಒಂದೇ ಸಲ ಹೇಳಬೇಕು. ಮಾತಿನ ಜೊತೆ ಕೈಸನ್ನೆಯೂ ಇರಲಿ. ಟೆರ್ರಿಗೆ ಕಲಿಸಿದ ಸ್ಪಿಟ್ಜ್ ಕೆಲಸ ನಡೆಸಿದ್ದೇ ಕೈಸನ್ನೆಯಿಂದ. ಟಾಕಿ ಬಂದ ಮೇಲೆ ಸೆಟ್ಟಿನಲ್ಲಿ ಬಾಯಿಬಿಟ್ಟು ಹೇಳೋ ಹಾಗಿರಲಿಲ್ಲವಲ್ಲ, ಮೈಕಿಗೆ ಬಿದ್ದುಬಿಡುತ್ತಿತ್ತು!

ಸೋಫಾ ವಿಷಯ. ಇಲ್ಲಿ ನಾನು ನಾಯಿಯ ಪಕ್ಷ. ಲ್ಯಾಬ್ರಡಾರನ್ನು ಯಾರೂ ಸುಮ್ಮನೆ ಎತ್ತಿ ಕೆಳಗೆ ಹಾಕೋಲ್ಲ, ಆಗೋದೂ ಇಲ್ಲ. ಚಿಕ್ಕ ನಾಯಿ ಅಂದರೆ ಎಲ್ಲರಿಗೂ ಸದರ. ಮಲಗಿದ್ದರೆ ಎತ್ತು, ತಿನ್ನುತ್ತಿದ್ದರೆ ಎತ್ತು, ನೆಂಟರು ಬಂದರೆ ಎತ್ತಿ ಕೈಗೆ ಕೊಡು. ಅದು ಮೊದಲು ಮುಖ ತಿರುಗಿಸುತ್ತೆ, ತುಟಿ ನೆಕ್ಕುತ್ತೆ, ಮೈ ಬಿಗಿ ಮಾಡುತ್ತೆ. ನಮಗೆ ಕಾಣೋಲ್ಲ. ಆಮೇಲೆ ಗುರ್ ಅನ್ನುತ್ತೆ. ‘ಅಯ್ಯೋ ನೋಡೇ, ಎಷ್ಟು ಮುದ್ದಾಗಿ ಸಿಟ್ಟು ಮಾಡ್ಕೊಳುತ್ತೆ’ ಅಂತ ನಗ್ತಾರೆ, ಮೊಬೈಲಲ್ಲಿ ಹಿಡೀತಾರೆ. ಕೊನೆಗೆ ಅದಕ್ಕೆ ಉಳಿದಿರೋದು ಹಲ್ಲು. ನಿಮ್ಮ ತಂದೆಯವರಿಗೆ ಅದು ಹಲ್ಲು ತೋರಿಸಿದ್ದು ಎಚ್ಚರಿಕೆ. ಗುರ್ ಅಂದದ್ದಕ್ಕೆ ಹೊಡೆದರೆ ನಾಳೆಯಿಂದ ಗುರ್ ಅನ್ನೋದು ಬಿಡುತ್ತೆ, ನೇರವಾಗಿ ಕಚ್ಚುತ್ತೆ. ಹಾರ್ನ್ ಕಿತ್ತು ಹಾಕಿದ ಲಾರಿಯ ಹಾಗೆ. ಎತ್ತೋದು ನಿಲ್ಲಿಸಿ. ದೂರದಲ್ಲಿ ನೆಲದ ಮೇಲೆ ಒಂದು ಚೂರು ಹಾಕಿ ‘ಇಳಿ’ ಅನ್ನಿ. ಇಳಿದರೆ ಶಭಾಷ್. ಈ ಪಾಠವನ್ನು ತಂದೆಯವರ ಕೈಯಿಂದಲೇ ಮಾಡಿಸು. ಇಬ್ಬರ ಜಗಳವೂ ಮುಗಿಯುತ್ತೆ. ಚಪ್ಪಲಿ ಕಚ್ಚಿಕೊಂಡು ಮಂಚದಡಿ ಸೇರಿದಾಗಲೂ ಇದೇ ಉಪಾಯ: ಕಿತ್ತುಕೊಳ್ಳಬೇಡ, ಅದಕ್ಕಿಂತ ಒಳ್ಳೆಯದನ್ನು ಕೊಟ್ಟು ಬದಲಾಯಿಸಿಕೋ.

ಉಚ್ಚೆಗೆ ಮೊದಲು ಡಾಕ್ಟರು. ಚೆನ್ನಾಗಿದ್ದ ನಾಯಿ ಇದ್ದಕ್ಕಿದ್ದಂತೆ ಮನೆಯೊಳಗೆ ಮಾಡೋಕೆ ಶುರು ಮಾಡಿದರೆ ಮೂತ್ರದ ಸೋಂಕು ಇರಬಹುದು. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಇದೆ, ತೋರಿಸು. ರೋಗ ಇಲ್ಲ ಅಂದರೆ ವೇಳಾಪಟ್ಟಿ ಹಾಕು: ಎದ್ದ ಕೂಡಲೇ, ಉಂಡ ಮೇಲೆ, ಆಟ ಮುಗಿದ ಮೇಲೆ, ಮಲಗುವ ಮುಂಚೆ ಕೆಳಗೆ ಕರೆದುಕೊಂಡು ಹೋಗು. ಹೊರಗೆ ಮಾಡಿದ ಕ್ಷಣವೇ ತಿಂಡಿ, ಮನೆಗೆ ಬಂದು ಕೊಟ್ಟರೆ ಮೆಟ್ಟಿಲು ಹತ್ತಿದ್ದಕ್ಕೆ ಬಹುಮಾನ ಅಂದುಕೊಳ್ಳುತ್ತೆ. ಮೂಗನ್ನು ಉಚ್ಚೆಗೆ ಒರೆಸೋ ಹಳೇ ಪದ್ಧತಿ ಬಿಡು. ಅದರಿಂದ ಕಲಿಯೋದು ಒಂದೇ, ಯಜಮಾನ ಇಲ್ಲದಾಗ ಸೋಫಾ ಹಿಂದೆ ಮಾಡೋದು! ಆ ಕಾಲೊರಸನ್ನು ಸ್ವಲ್ಪ ದಿನ ಎತ್ತಿಡು, ನೆಲವನ್ನು ಸೋಪಿನಿಂದ ತೊಳೆದು, ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸು. ವಾಸನೆ ಉಳಿದರೆ ಅದಕ್ಕೆ ಅದು ಕಕ್ಕಸಿನ ಬೋರ್ಡು. ಅಪ್ಪ ಬಂದು ಬಗ್ಗಿದ ತಕ್ಷಣ ಮುದುರಿಕೊಂಡು ಎರಡು ಹನಿ ಬಿಡೋ ನಾಯಿಗಳೂ ಇವೆ. ಅದು ಹೆದರಿಕೆ, ಕೊಬ್ಬಲ್ಲ. ಗದರಿದಷ್ಟೂ ಹೆಚ್ಚುತ್ತೆ. ಬಗ್ಗದೆ ಪಕ್ಕಕ್ಕೆ ಕೂತು ಕೈ ಚಾಚಿದರೆ ಸಾಕು.

ಒಂದು ಎಚ್ಚರಿಕೆ. ಊಟದ ಹೊತ್ತಿಗೆ ಬೊಗಳಿ ಬೇಡುವ ಚಾಳಿಯನ್ನು ‘ಕಣ್ಣೆತ್ತಿ ನೋಡೋಲ್ಲ’ ಅಂತ ಬಿಡಿಸೋಕೆ ಹೊರಟರೆ ಮೊದಲ ಮೂರು ನಾಲ್ಕು ದಿನ ರಂಪ ಹೆಚ್ಚಾಗುತ್ತೆ. ಕೌಂಟರಿನಲ್ಲಿ ಟಿಕೆಟ್ ಕೊಡದಿದ್ದರೆ ನಾವು ಕಿಟಕಿ ಕುಟ್ಟೋಲ್ವೇ, ಹಾಗೆ. ಆ ನಾಲ್ಕನೇ ದಿನ ಅಮ್ಮ ಕರಗಿ ಒಂದು ತುತ್ತು ಹಾಕಿದರೆ ಕಥೆ ಮುಗೀತು. ನಾಲ್ಕು ದಿನ ಕಿರುಚಿದರೆ ಸಿಗುತ್ತೆ ಅನ್ನೋ ಪಾಠ ಗಟ್ಟಿಯಾಗುತ್ತೆ. ಅಮ್ಮನಿಗೆ ಮೊದಲೇ ಕಥೆ ಹೇಳಿ ಒಪ್ಪಿಸಿಕೋ.

ಕಚ್ಚಿದರೆ? ಇಲ್ಲಿ ತಮಾಷೆ ಇಲ್ಲ. ‘ಚಿಕ್ಕ ನಾಯಿ, ನಮ್ಮದೇ ನಾಯಿ, ಹಲ್ಲು ತಾಗಿದ್ದಷ್ಟೆ’ ಅಂತ ಅರಿಶಿನ, ಸುಣ್ಣ, ಮೆಣಸಿನಪುಡಿ ಮೆತ್ತಿ ಕೂರಬೇಡಿ. ನಲ್ಲಿ ಬಿಟ್ಟು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ, ಅದಕ್ಕೆ ಮುಂಚೆ ಚುಚ್ಚುಮದ್ದು ಇದೆ. ನಾಯಿಗೂ ಮೂರು ತಿಂಗಳಿಗೆ ಮೊದಲ ಚುಚ್ಚುಮದ್ದು, ಆಮೇಲೆ ಡಾಕ್ಟರ್ ಹೇಳಿದ ಹಾಗೆ ತಪ್ಪದೆ.

ಇನ್ನು ತಾವರೆಕೆರೆ. ತಮ್ಮಾ, ನಿಮ್ಮ ತಂದೆಯವರ ಸಂಕಟ ನನಗೆ ಅರ್ಥವಾಗುತ್ತೆ, ಅಡ್ವಾನ್ಸ್ ಕೊಟ್ಟು ಮತ್ತೊಂದು ಮನೆ ಹುಡುಕೋದು ಸುಲಭವಲ್ಲ. ಆದರೆ ಸೋಫಾದಲ್ಲಿ ಬೆಳೆದ ಐದು ಕಿಲೋ ನಾಯಿಗೆ ಹೆದ್ದಾರಿ ಬದಿಯಲ್ಲಿ ಲಾರಿಯೂ ಗೊತ್ತಿಲ್ಲ, ಬೀದಿ ನಾಯಿಗಳ ಗಡಿಯೂ ಗೊತ್ತಿಲ್ಲ. ಅಲ್ಲಿ ಅದು ಎಷ್ಟು ದಿನ ಉಳಿದೀತು? ಹಾಗೆ ಉಪವಾಸ ಸಾಯಲು ಬಿಟ್ಟು ಬರೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಓನರ್ ಹತ್ತಿರ ನೀನೇ ಹೋಗು. ಬೈಸಿಕೊಳ್ಳೋಕೆ ತಂದೆಯವರನ್ನು ಕಳಿಸಬೇಡ. ‘ಸಾರ್, ಗ್ರಿಲ್ಲಿಗೆ ತಡಿಕೆ ಕಟ್ಟಿದ್ದೀನಿ, ದಿನಾ ಕಲಿಸ್ತಿದ್ದೀನಿ, ಒಂದು ತಿಂಗಳು ಹೆಚ್ಚಿಗೆ ಕೊಡಿ, ಸದ್ದು ಕಡಿಮೆ ಆಗದಿದ್ದರೆ ನೀವು ಹೇಳಿದ ಹಾಗೆ’ ಅನ್ನು. ಅವರಿಂದಲೂ ನಾಯಿಗೆ ಎರಡು ಚೂರು ಹಾಕಿಸು. ಕೆಳಗಿನ ಮನೆಯವರ ಹೆಜ್ಜೆ ಸದ್ದು ತಿಂಡಿಯ ಸದ್ದಾದರೆ ಅರ್ಧ ಬೊಗಳು ಅಲ್ಲೇ ಕಮ್ಮಿ. ಅಷ್ಟಕ್ಕೂ ಅವರು ಒಪ್ಪದಿದ್ದರೆ, ಕಲಿತ ನಾಯಿಯನ್ನು ಪರಿಚಯದ ಒಳ್ಳೇ ಮನೆಗೆ ಕೊಡಬಹುದು. ಕಲಿಯದ್ದನ್ನು ಯಾರೂ ತಗೊಳ್ಳೋಲ್ಲ. ಎರಡು ದಾರಿಗೂ ಮೊದಲ ಮೆಟ್ಟಿಲು ಅದೇ ಚಾಪೆ.

ಜಾಗ ಮುಗೀತಾ ಬಂತು. ರಾಜಾಜಿನಗರದ ನವರಂಗ್ ಕಡೆಯ ಇನ್ನೊಬ್ಬ ಓದುಗ ಕೇಳಿದ್ದಾನೆ: ‘ನಮ್ಮ ಪಗ್ ರಾತ್ರಿಯೆಲ್ಲ ಗೊರಕೆ ಹೊಡೆಯುತ್ತೆ, ಬಿಡಿಸೋದು ಹೇಗೆ?’ ಅದು ಚಟವಲ್ಲ ಮಾರಾಯ, ಮೂಗಿನ ಹಣೆಬರಹ! ಮುಖ ಚಪ್ಪಟೆ ಇರಲಿ ಅಂತ ಮನುಷ್ಯರೇ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ಜಾತಿ, ಉಸಿರಾಟದ ದಾರಿಯೇ ಇಕ್ಕಟ್ಟು. ಮೈ ಬೆಳೆಯೋಕೆ ಬಿಡಬೇಡ, ಕುತ್ತಿಗೆಗೆ ಬೆಲ್ಟು ಬೇಡ, ಎದೆಗೆ ಕಟ್ಟುವ ಹಾರ್ನೆಸ್ ತಗೋ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ವಾಕಿಂಗ್ ಬೇಡವೇ ಬೇಡ, ಬೆಳಿಗ್ಗೆ ಬೇಗ ಮುಗಿಸು. ಏದುಸಿರು ನಿಲ್ಲದೆ ನಾಲಿಗೆ ನೀಲಿಗೆ ತಿರುಗಿದರೆ ಮೈಗೆ ನೀರು ಹಾಕಿಕೊಂಡೇ ಆಟೋ ಹತ್ತಿಸಿ ಡಾಕ್ಟರ ಹತ್ತಿರ ಓಡು, ಮೀಟರ್ ಮೇಲೆ ಎಷ್ಟು ಕೇಳಿದರೂ ಕೊಡು.